ಅಮೆರಿಕದಲ್ಲಿ ಮತಕ್ಕೆ 18, ಬಿಯರ್‌ಗೆ 21: ಈ ಅಂತರ ಹುಟ್ಟಿದ್ದು ಹೇಗೆ?

ತಿಳಿನೀರು:
ಅಮೆರಿಕದಲ್ಲಿ 18 ತುಂಬಿದವರು ಮತ ಹಾಕಬಹುದು, ಸೈನ್ಯ ಸೇರಬಹುದು. ಬಿಯರ್ ಕೊಳ್ಳೋಕೆ ಮಾತ್ರ 21 ಆಗಬೇಕು. ಮಿದುಳು ಬಲಿಯೋದು ತಡ, ಅದಕ್ಕೇ ಈ ಕಾನೂನು ಅನ್ನೋ ವಿವರಣೆ ಎಲ್ಲ ಕಡೆ ಕಾಣ್ತಿದೆ. ನಿಜವಾಗಿಯೂ ಅದೇ ಕಾರಣವಾ? ಎಷ್ಟೋ ದೇಶಗಳು 18ಕ್ಕೆ ನಿಂತಿರುವಾಗ ಅಲ್ಲಿ 21 ಯಾಕೆ? ಕಾನೂನು, ರಸ್ತೆ ಸುರಕ್ಷತೆ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಕಡತಪಾಲ:
ಮಿದುಳಿನ ಮಾತು ಸುಳ್ಳಲ್ಲ, ಆದರೆ ಕಾನೂನು ಹುಟ್ಟಿದ್ದು ಅದರಿಂದಲ್ಲ. ಹದಿಹರೆಯದವರ ಮಿದುಳನ್ನು ಎಂಆರ್‌ಐನಲ್ಲಿ ವರ್ಷಗಟ್ಟಲೆ ಅಳೆದ ದೊಡ್ಡ ಅಧ್ಯಯನಗಳು ಹೊರಬಂದದ್ದು 1990ರ ದಶಕದ ಕೊನೆಗೆ. ರಾಜ್ಯಗಳನ್ನು 21ಕ್ಕೆ ತಳ್ಳಿದ ಕೇಂದ್ರದ ಕಾನೂನು ಆದದ್ದು 1984ರಲ್ಲಿ. ಮೇಲಾಗಿ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಆ ಲೆಕ್ಕ ಹಿಡಿದರೆ 21ಕ್ಕೆ ನಿಲ್ಲಿಸಲು ಕಾರಣವೇ ಸಿಗುವುದಿಲ್ಲ.

21 ಬಂದದ್ದು ಇಂಗ್ಲೆಂಡಿನ ಹಳೆಯ ಕಾನೂನಿನಿಂದ. ಅಲ್ಲಿ ಶತಮಾನಗಳ ಕಾಲ ಪ್ರಾಪ್ತ ವಯಸ್ಸು ಎಂದರೆ 21. ಅಮೆರಿಕ ಅದನ್ನು ಹಾಗೆಯೇ ತೆಗೆದುಕೊಂಡಿತು. 1933ರ ಡಿಸೆಂಬರ್ 5ರಂದು ಸಂವಿಧಾನದ 21ನೇ ತಿದ್ದುಪಡಿಯಿಂದ ಪಾನನಿಷೇಧ ಕೊನೆಗೊಂಡಾಗ (ತಿದ್ದುಪಡಿಯ ಸಂಖ್ಯೆಗೂ ವಯಸ್ಸಿನ ಅಂಕಿಗೂ ಸಂಬಂಧವಿಲ್ಲ) ಮದ್ಯದ ನಿಯಮ ಮಾಡುವ ಅಧಿಕಾರ ರಾಜ್ಯಗಳ ಕೈ ಸೇರಿತು. ಬಹುಪಾಲು ರಾಜ್ಯಗಳು ಪ್ರಾಪ್ತ ವಯಸ್ಸನ್ನೇ ಮದ್ಯಕ್ಕೂ ಇಟ್ಟವು. ನ್ಯೂಯಾರ್ಕ್ 18 ಇಟ್ಟಿತು. ಕೆಲವು ರಾಜ್ಯಗಳು ಲಘು ಬಿಯರ್‌ಗೆ ಒಂದು ವಯಸ್ಸು, ಉಳಿದ ಮದ್ಯಕ್ಕೆ ಇನ್ನೊಂದು ಎಂದು ಎರಡು ಮೆಟ್ಟಿಲು ಮಾಡಿದವು.

ಈಗಲೂ ‘21ರೊಳಗಿನವರು ಕುಡಿಯಬಾರದು’ ಎಂದು ಹೇಳುವ ಕೇಂದ್ರ ಕಾನೂನು ಅಲ್ಲಿ ಇಲ್ಲ. ಐವತ್ತೂ ರಾಜ್ಯಗಳ ಕಾನೂನು ಬೇರೆ ಬೇರೆ. ಅವೆಲ್ಲ ಒಂದೇ ಅಂಕಿಗೆ ಬಂದು ನಿಂತದ್ದು ಹೇಗೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಹಳೆಹೊತ್ತಿಗೆ:
ಕಡತಪಾಲರ ಮಾತಿಗೆ ಒಂದು ಕೊಂಡಿ ಸೇರಿಸ್ತೀನಿ. 1942ರಲ್ಲಿ ಕಡ್ಡಾಯ ಸೈನ್ಯಭರ್ತಿಯ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿದರು. ಸಾಯೋಕೆ ವಯಸ್ಸಾಗಿದ್ದರೆ ಮತ ಹಾಕೋಕೆ ಯಾಕಿಲ್ಲ ಅನ್ನೋ ಕೂಗು ಶುರುವಾದದ್ದೇ ಆಗ. ವಿಯೆಟ್ನಾಂ ಯುದ್ಧದಲ್ಲಿ ಅದು ಜೋರಾಗಿ, 1971ರ ಜುಲೈ 1ರಂದು 26ನೇ ತಿದ್ದುಪಡಿ ಅಂಗೀಕಾರವಾಯ್ತು. ಮತದ ವಯಸ್ಸು 18 ಆಯ್ತು. ಅದರ ಬೆನ್ನಿಗೇ ರಾಜ್ಯಗಳು ಪ್ರಾಪ್ತ ವಯಸ್ಸನ್ನೂ, ಅದರ ಜೊತೆ ಕುಡಿಯುವ ವಯಸ್ಸನ್ನೂ ಇಳಿಸುತ್ತಾ ಹೋದವು. 1970ರಿಂದ 1975ರ ನಡುವೆ ಸುಮಾರು 29 ರಾಜ್ಯಗಳು 18, 19 ಅಥವಾ 20ಕ್ಕೆ ಇಳಿಸಿದವು.

ಹಾಗಾಗಿ ಅಮೆರಿಕ ಮೊದಲಿನಿಂದಲೂ 21ಕ್ಕೇ ಅಂಟಿಕೊಂಡಿತ್ತು ಅನ್ನೋದು ತಪ್ಪು. ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ಇಳಿಸಿ ನೋಡಿತ್ತು.

ಸರಾಸರಿ:
ಹೌದು. ರಾಜ್ಯಗಳು ಬೇರೆ ಬೇರೆ ವರ್ಷ ಇಳಿಸಿದ್ದರಿಂದ, ಪಕ್ಕದ ಕೆಲವು ರಾಜ್ಯಗಳು ಇಳಿಸದೆ ಉಳಿದದ್ದರಿಂದ, ಸಂಶೋಧಕರಿಗೆ ತಾನಾಗಿಯೇ ಒಂದು ಪ್ರಯೋಗ ಸಿಕ್ಕಿತು. ಇಳಿಸಿದ ರಾಜ್ಯದಲ್ಲಿ 18ರಿಂದ 20ರವರ ಅಪಘಾತ ಏನಾಯಿತು, ಅದೇ ರಾಜ್ಯದ 25 ದಾಟಿದವರದ್ದು ಏನಾಯಿತು, ಇಳಿಸದ ರಾಜ್ಯದಲ್ಲಿ ಏನಾಯಿತು ಎಂದು ಒಟ್ಟಿಗೆ ಇಟ್ಟು ನೋಡಬಹುದಿತ್ತು.

ಇಲ್ಲಿ ಅಳತೆಯ ಒಂದು ಕಷ್ಟವಿತ್ತು. ಆಗ ಪ್ರತಿ ಅಪಘಾತದಲ್ಲೂ ಚಾಲಕರ ರಕ್ತದ ಮದ್ಯಾಂಶ ಪರೀಕ್ಷಿಸುತ್ತಿರಲಿಲ್ಲ. ‘ಕುಡಿದಿದ್ದ’ ಎಂದು ಪೊಲೀಸರು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾನೂನು ಬದಲಾದಾಗ ಪೊಲೀಸರು ಬರೆಯುವ ರೀತಿಯೂ ಬದಲಾಗಬಹುದು. ಅದಕ್ಕೆ ಸಂಶೋಧಕರು ರಾತ್ರಿ ಹೊತ್ತು ಒಂದೇ ವಾಹನ ಒಳಗೊಂಡ ಅಪಘಾತಗಳನ್ನು ಸೂಚಕವಾಗಿ ಹಿಡಿದರು. ಎದುರು ಗಾಡಿಯಿಲ್ಲದೆ, ರಾತ್ರಿ, ರಸ್ತೆಯಿಂದಾಚೆ ಹೋಗಿ ಮರಕ್ಕೋ ಕಂಬಕ್ಕೋ ಗುದ್ದಿದ ಅಪಘಾತಗಳಲ್ಲಿ ಮದ್ಯದ ಪಾಲು ತುಂಬ ದೊಡ್ಡದು. ಪೊಲೀಸರ ಬರಹವನ್ನು ನಂಬಿ ಕೂರುವ ಅಗತ್ಯವೂ ಬೀಳುವುದಿಲ್ಲ.

ಮಿಷಿಗನ್ ಒಳ್ಳೆಯ ಉದಾಹರಣೆ. 1972ರಲ್ಲಿ 18ಕ್ಕೆ ಇಳಿಸಿತು. ಯುವಕರ ಅಪಘಾತ ಏರಿದ್ದು ಕಂಡು 1978ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ ಮತ್ತೆ 21 ಮಾಡಿದರು. ಸಂಶೋಧಕ ಅಲೆಕ್ಸಾಂಡರ್ ವ್ಯಾಗೆನಾರ್ ಆ ರಾಜ್ಯದ ಅಂಕಿಗಳನ್ನು ಹಿಡಿದು ಮಾಡಿದ ಕೆಲಸ ಈ ಚರ್ಚೆಗೆ ಬುನಾದಿಯಾಯಿತು. ಆಮೇಲೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ತೂಗಿ 2001ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ವಯಸ್ಸು ಏರಿಸಿದಲ್ಲಿ ಆ ವಯೋಮಾನದವರ ಅಪಘಾತ ಸುಮಾರು 16% ಇಳಿದಿತ್ತು, ಇಳಿಸಿದಲ್ಲಿ ಸುಮಾರು 10% ಏರಿತ್ತು. ಎರಡೂ ಮಧ್ಯಾಂಕಗಳು (ಫಲಿತಾಂಶಗಳನ್ನು ಸಾಲಾಗಿ ಇಟ್ಟಾಗ ನಡುವೆ ಬೀಳುವ ಅಂಕಿ), ಎಲ್ಲ ರಾಜ್ಯಕ್ಕೂ ಅದೇ ಅಂಕಿ ಎಂದಲ್ಲ.

ತಿಳಿನೀರು:
ಇದು ಹೊಸ ವಿಷಯ, ಧನ್ಯವಾದ. ಆದರೆ ಒಂದೊಂದು ರಾಜ್ಯ ತನಗೆ ಬೇಕಾದಂತೆ ಇಟ್ಟುಕೊಂಡರೆ ಏನು ತೊಂದರೆ ಇತ್ತು? ಕೇಂದ್ರ ಯಾಕೆ ಕೈ ಹಾಕಿತು?

ಹಳೆಹೊತ್ತಿಗೆ:
ಗಡಿ. ಪಕ್ಕದ ರಾಜ್ಯದಲ್ಲಿ 18 ಇದ್ದು ನಮ್ಮಲ್ಲಿ 21 ಇದ್ದರೆ, ಹುಡುಗರು ಗಾಡಿ ಹತ್ತಿ ಆಚೆ ಹೋಗಿ ಕುಡಿದು, ಅದೇ ಗಾಡಿಯಲ್ಲಿ ರಾತ್ರಿ ವಾಪಸ್ ಬರ್ತಾರೆ. ವಯಸ್ಸು ಏರಿಸಿದ ರಾಜ್ಯದ ಮಕ್ಕಳೇ ಹೆಚ್ಚು ದೂರ ಓಡಿಸಿ ಸಾಯ್ತಾರೆ. ಇಂಥ ಗಡಿಗಳಿಗೆ ಅಲ್ಲಿಯವರು ‘ರಕ್ತದ ಗಡಿ’ ಅಂತಲೇ ಹೆಸರಿಟ್ಟಿದ್ದರು.

ನ್ಯೂಜೆರ್ಸಿ 1983ರ ಜನವರಿಯಲ್ಲಿ 21 ಮಾಡಿತು. ಪಕ್ಕದ ನ್ಯೂಯಾರ್ಕ್ ಆಗಷ್ಟೇ 18ರಿಂದ 19ಕ್ಕೆ ಬಂದಿತ್ತು, ಅದು 21ಕ್ಕೆ ಬಂದದ್ದು 1985ರ ಡಿಸೆಂಬರ್‌ನಲ್ಲಿ. ಇಲಿನಾಯ್ 1980ರಲ್ಲಿ 21 ಮಾಡಿದಾಗ ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಇನ್ನೂ 18. ಕೇಂದ್ರದ ಮಸೂದೆಯನ್ನು ಮುನ್ನಡೆಸಿದ ಸೆನೆಟರ್ ಫ್ರಾಂಕ್ ಲೌಟನ್‌ಬರ್ಗ್, ಕೆಳಮನೆಯ ಜೇಮ್ಸ್ ಹೋವರ್ಡ್, ಇಬ್ಬರೂ ನ್ಯೂಜೆರ್ಸಿಯವರು. ಇದು ಕಾಕತಾಳೀಯ ಅಂತ ನನಗನಿಸಲ್ಲ. ತನ್ನ ಕಾನೂನನ್ನು ಎಷ್ಟೇ ಬಿಗಿ ಮಾಡಿದರೂ ಪಕ್ಕದವರು ಬದಲಾಗದೆ ಪ್ರಯೋಜನವಿಲ್ಲ ಅನ್ನೋದು ಆ ರಾಜ್ಯಕ್ಕೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಬಲ ತಾಯಂದಿರ ಚಳವಳಿಯದ್ದು. 1980ರ ಮೇನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹದಿಮೂರರ ಕ್ಯಾರಿ ಲೈಟ್ನರ್‌ಳನ್ನು ಕುಡಿದ ಚಾಲಕನೊಬ್ಬ ಗುದ್ದಿ ಕೊಂದ. ತಾಯಿ ಕ್ಯಾಂಡಿ ಲೈಟ್ನರ್ ಅದೇ ವರ್ಷ ಮ್ಯಾಡ್ (ಕುಡಿದು ಓಡಿಸುವುದರ ವಿರುದ್ಧ ತಾಯಂದಿರು) ಸಂಘಟನೆ ಕಟ್ಟಿದರು. ಗಮನಿಸಿ, ಗುದ್ದಿದವನು ನಡುವಯಸ್ಸಿನವನು, ಹಿಂದೆಯೂ ಅದೇ ತಪ್ಪಿಗೆ ಸಿಕ್ಕಿಬಿದ್ದವನು. ಚಳವಳಿ ಹುಟ್ಟಿದ್ದು ಕುಡಿದು ಓಡಿಸುವ ಎಲ್ಲರ ವಿರುದ್ಧ, 21ರ ಬೇಡಿಕೆ ಅದರೊಳಗೆ ಬಂದು ಸೇರಿದ್ದು. ಕುಡಿದು ಓಡಿಸುವುದರ ಬಗ್ಗೆ 1982ರಲ್ಲಿ ಅಧ್ಯಕ್ಷ ರೇಗನ್ ನೇಮಿಸಿದ ಆಯೋಗ 1983ರ ಕೊನೆಗೆ ಕೊಟ್ಟ ವರದಿಯಲ್ಲೂ ಹಲವು ಶಿಫಾರಸುಗಳ ನಡುವೆ 21 ಒಂದಾಗಿತ್ತು.

ಕಡತಪಾಲ:
ಈಗ ಹಣದ ವಿಚಾರ. 21ನೇ ತಿದ್ದುಪಡಿಯ ನೆರಳಿನಲ್ಲಿ ಕೇಂದ್ರ ನೇರವಾಗಿ ವಯಸ್ಸು ನಿಗದಿ ಮಾಡಿದರೆ ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಅದಕ್ಕೆ ಹೆದ್ದಾರಿ ಅನುದಾನಕ್ಕೆ ಷರತ್ತು ಹಾಕಿದರು. ಇದು ಹೊಸ ಉಪಾಯವಲ್ಲ. 1974ರಲ್ಲಿ ಗಂಟೆಗೆ 55 ಮೈಲಿ ವೇಗಮಿತಿ ತಂದದ್ದೂ ಹೆದ್ದಾರಿ ಹಣ ತೋರಿಸಿಯೇ.

ರೇಗನ್ ಮೊದಲು ರಾಜ್ಯಗಳ ಹಕ್ಕಿನ ಹೆಸರಿನಲ್ಲಿ ಇದನ್ನು ಒಪ್ಪಿರಲಿಲ್ಲ. ಸಾರಿಗೆ ಕಾರ್ಯದರ್ಶಿ ಎಲಿಜಬೆತ್ ಡೋಲ್ ಪರವಾಗಿದ್ದರು. ಕೊನೆಗೆ ರೇಗನ್ 1984ರ ಜುಲೈ 17ರಂದು ಸಹಿ ಹಾಕಿದರು. ಕಾನೂನು ಹೇಳುವುದು ಇಷ್ಟೇ: 21ರೊಳಗಿನವರು ಮದ್ಯ ಕೊಳ್ಳುವುದನ್ನು ಅಥವಾ ಸಾರ್ವಜನಿಕವಾಗಿ ಇಟ್ಟುಕೊಳ್ಳುವುದನ್ನು ಯಾವ ರಾಜ್ಯ ಕಾನೂನುಬದ್ಧವಾಗಿ ಬಿಡುತ್ತದೋ, ಅದರ ಹೆದ್ದಾರಿ ಅನುದಾನದಲ್ಲಿ ಮೊದಲ ವರ್ಷ 5%, ಆಮೇಲೆ 10% ತಡೆಹಿಡಿಯಲಾಗುವುದು. ಗಡುವು 1986ರ ಅಕ್ಟೋಬರ್ 1. ‘ಕುಡಿಯುವುದು’ ಎಂಬ ಕ್ರಿಯೆಯನ್ನೇ ನಿಷೇಧಿಸಿ ಎಂದು ಅದು ಕೇಳುವುದಿಲ್ಲ. ಕೊಳ್ಳುವುದು, ಸಾರ್ವಜನಿಕವಾಗಿ ಇಟ್ಟುಕೊಳ್ಳುವುದು, ಈ ಎರಡೇ.

ಮೊದಮೊದಲು ತಡೆದ ಹಣ, ರಾಜ್ಯ ತಿದ್ದಿಕೊಂಡರೆ ವಾಪಸ್ ಸಿಗುತ್ತಿತ್ತು. 1988ರ ಸೆಪ್ಟೆಂಬರ್ 30ರ ನಂತರ ತಡೆದದ್ದು ಮತ್ತೆ ಬರುವುದಿಲ್ಲ, ಹೋದದ್ದು ಹೋದಂತೆಯೇ. ಹಟ ಹಿಡಿದಿದ್ದ ಕೊನೆಯ ರಾಜ್ಯಗಳು ಅದೇ ವರ್ಷ ಬಗ್ಗಿದ್ದಕ್ಕೆ ಈ ದಿನಾಂಕ ದೊಡ್ಡ ಕಾರಣ. ದಕ್ಷಿಣ ಡಕೋಟಾ 1988ರ ಏಪ್ರಿಲ್‌ನಲ್ಲಿ, ಎಲ್ಲರಿಗಿಂತ ಕೊನೆಗೆ ವಯೋಮಿಂಗ್ ಜುಲೈ 1ರಂದು.

ನ್ಯಾಯತಕ್ಕಡಿ:
ದಕ್ಷಿಣ ಡಕೋಟಾದ ಮೊಕದ್ದಮೆ ಬಿಟ್ಟು ಮುಂದೆ ಹೋಗಬಾರದು. ಅಲ್ಲಿ 19 ದಾಟಿದವರು 3.2% ಬಿಯರ್ ಕೊಳ್ಳಬಹುದಿತ್ತು. ಕೇಂದ್ರದ ಷರತ್ತು ಸಂವಿಧಾನಕ್ಕೆ ವಿರುದ್ಧ ಎಂದು ರಾಜ್ಯ ಕೋರ್ಟಿಗೆ ಹೋಯಿತು. 1987ರ ಜೂನ್ 23ರಂದು ಸುಪ್ರೀಂ ಕೋರ್ಟ್ 7–2ರಲ್ಲಿ ಕೇಂದ್ರದ ಪರ ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್.

ತೀರ್ಪು ಹಾಕಿದ ಒರೆಗಲ್ಲು ಹೀಗಿದೆ. ಖರ್ಚು ಸಾರ್ವಜನಿಕ ಹಿತಕ್ಕಾಗಿರಬೇಕು. ಷರತ್ತು ರಾಜ್ಯಕ್ಕೆ ಸ್ಪಷ್ಟವಾಗಿ ಗೊತ್ತಿರಬೇಕು. ಹಣ ಕೊಡುವ ಉದ್ದೇಶಕ್ಕೂ ಷರತ್ತಿಗೂ ನಂಟಿರಬೇಕು. ಸಂವಿಧಾನದ ಬೇರೆ ಯಾವುದೇ ತಡೆ ಇರಬಾರದು. ಇದರ ಮೇಲೆ, ಆಮಿಷ ಬಲವಂತದ ಮಟ್ಟ ಮುಟ್ಟಬಾರದು. ಮೂರನೆಯದರ ಮೇಲೆಯೇ ನ್ಯಾಯಮೂರ್ತಿ ಓ'ಕಾನರ್ ಒಪ್ಪಲಿಲ್ಲ. ಹೆದ್ದಾರಿ ಕಟ್ಟುವ ಹಣಕ್ಕೂ ಬಿಯರ್ ಮಾರುವ ವಯಸ್ಸಿಗೂ ನಂಟು ತೀರ ತೆಳು ಎಂಬುದು ಅವರ ವಾದ. ನನ್ನ ಓದಿನಲ್ಲಿ ಅವರ ಭಿನ್ನಮತ ಗಟ್ಟಿಯಾಗಿದೆ. ಆದರೂ ಸುರಕ್ಷಿತ ಪ್ರಯಾಣವೇ ಹೆದ್ದಾರಿಯ ಗುರಿ ಎಂದರೆ ಬಹುಮತದ ಮಾತನ್ನು ತಳ್ಳಿಹಾಕುವುದೂ ಕಷ್ಟ.

ಬಲವಂತ ಎಲ್ಲಿ ಶುರುವಾಗುತ್ತದೆ ಎಂಬುದು 2012ರ ಆರೋಗ್ಯ ವಿಮೆ ಮೊಕದ್ದಮೆಯಲ್ಲಿ ಮತ್ತೆ ಬಂತು. ದಕ್ಷಿಣ ಡಕೋಟಾ ಕಳೆದುಕೊಳ್ಳಬಹುದಾಗಿದ್ದ ಹಣ ಆಗಿನ ಅದರ ಬಜೆಟ್ಟಿನ ಅರ್ಧ ಶೇಕಡಾಕ್ಕಿಂತ ಕಡಿಮೆ ಎಂದು ಕೋರ್ಟ್ ಅಲ್ಲಿ ನೆನಪಿಸಿತು. ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ವಿಸ್ತರಣೆಯಲ್ಲಿ ಪಣಕ್ಕಿದ್ದ ಮೊತ್ತ ಅದರ ಎಷ್ಟೋ ಪಟ್ಟು, ಅದಕ್ಕೆ ಅದು ಬಲವಂತ ಎನಿಸಿಕೊಂಡಿತು.

ತಿಳಿನೀರು:
3.2% ಅಂದರೇನು? ಮಾಮೂಲಿ ಬಿಯರ್ 4–5% ಅಲ್ಲವೇ? ಅಷ್ಟು ಕಡಿಮೆಯದಕ್ಕೆ ಯಾಕೆ ಬೇರೆ ನಿಯಮ?

ಸರಾಸರಿ:
ಅದು ತೂಕದ ಲೆಕ್ಕ. ಮದ್ಯಸಾರ ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.79. ಹಾಗಾಗಿ ತೂಕದಲ್ಲಿ 3.2% ಅಂದರೆ ಗಾತ್ರದಲ್ಲಿ ಸುಮಾರು 4%. ಮಾಮೂಲಿ ಬಿಯರ್‌ಗೂ ಅದಕ್ಕೂ ಅಂತರ ಹೆಸರಿಗೆ ಕಾಣುವಷ್ಟು ದೊಡ್ಡದಲ್ಲ. ಪಾನನಿಷೇಧ ಇನ್ನೂ ಇರುವಾಗಲೇ, 1933ರ ಏಪ್ರಿಲ್‌ನಲ್ಲಿ, ಇದು ಅಮಲು ತರಿಸದು ಎಂದು ಕಾನೂನಿನಲ್ಲೇ ಬರೆದು ಮಾರಲು ಬಿಟ್ಟರು. ಆ ವರ್ಗೀಕರಣ ಹಾಗೆಯೇ ಉಳಿದು, ಕೆಲವು ರಾಜ್ಯಗಳಲ್ಲಿ ಕಿರಿಯರಿಗೆ ಮೀಸಲಾದ ಬಿಯರ್ ಆಯಿತು.

ನ್ಯಾಯತಕ್ಕಡಿ:
ಇದೇ ಬಿಯರ್‌ನಿಂದ ಇನ್ನೊಂದು ದೊಡ್ಡ ತೀರ್ಪು ಹುಟ್ಟಿದೆ. ಒಕ್ಲಹೋಮಾದಲ್ಲಿ 3.2% ಬಿಯರ್ ಕೊಳ್ಳಲು ಹೆಣ್ಣುಮಕ್ಕಳಿಗೆ 18, ಗಂಡುಮಕ್ಕಳಿಗೆ 21 ಇತ್ತು. 18ರಿಂದ 20ರ ಗಂಡಸರಲ್ಲಿ 2%, ಹೆಂಗಸರಲ್ಲಿ 0.18% ಕುಡಿದು ಓಡಿಸಿ ಬಂಧನಕ್ಕೊಳಗಾಗಿದ್ದಾರೆ ಎಂಬ ಅಂಕಿಯನ್ನು ರಾಜ್ಯ ಮುಂದಿಟ್ಟಿತು. 2% ಜನರ ತಪ್ಪಿಗೆ ಇಡೀ ಲಿಂಗಕ್ಕೆ ನಿಷೇಧ ಹಾಕಲು ಇದು ಸಾಲದು ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು. ಲಿಂಗಭೇದದ ಕಾನೂನುಗಳಿಗೆ ಮಧ್ಯಮ ಮಟ್ಟದ ಪರಿಶೀಲನೆ (ಸಾಧಾರಣ ಕಾರಣ ಸಾಲದು, ಸರ್ಕಾರ ಗಟ್ಟಿ ಕಾರಣ ತೋರಿಸಬೇಕು) ಎಂಬ ಅಳತೆಗೋಲು ನಿಂತದ್ದು ಇಲ್ಲಿಂದ.

ಬಿಸಿಲುಕೋಲು:
ಇಷ್ಟೆಲ್ಲ ಸರಿ, ಆದರೆ ನನಗೆ ಒಪ್ಪಿಗೆಯಾಗದ ಜಾಗ ಇದೆ. 18ರವನನ್ನು ಯುದ್ಧಕ್ಕೆ ಕಳಿಸುವ ಸರ್ಕಾರ ಅವನ ಕೈಗೆ ಬಿಯರ್ ಕೊಡಲ್ಲ ಅನ್ನೋದು ನ್ಯಾಯವೇ? ಆ ವಯಸ್ಸಿನವರ ಅಪಘಾತ ಹೆಚ್ಚು ಅಂತ ಇಡೀ ಗುಂಪನ್ನು ತಡೆಯೋದು ಒಕ್ಲಹೋಮಾದ ತರ್ಕವೇ ಅಲ್ಲವೇ?

ನ್ಯಾಯತಕ್ಕಡಿ:
ಒಳ್ಳೆಯ ಪ್ರಶ್ನೆ. ಕಾನೂನಿನ ಕಣ್ಣಲ್ಲಿ ಲಿಂಗ ಬೇರೆ, ವಯಸ್ಸು ಬೇರೆ. ವಯಸ್ಸಿನ ಗೆರೆಗೆ ಸಾಧಾರಣ ಕಾರಣ ಇದ್ದರೆ ಸಾಕು ಎಂದು ಕೋರ್ಟುಗಳು ಹೇಳುತ್ತವೆ, ಏಕೆಂದರೆ ಎಲ್ಲರೂ ಆ ಗೆರೆ ದಾಟುತ್ತಾರೆ. ಪ್ರೌಢತೆಗೆ ಒಂದೇ ವಯಸ್ಸು ಅಲ್ಲಿ ಎಂದೂ ಇರಲಿಲ್ಲ. ಲೈಸೆನ್ಸ್ ಇರುವ ಅಂಗಡಿಯಿಂದ ಕೈಬಂದೂಕು ಕೊಳ್ಳಲು 1968ರಿಂದ 21. ಕೆಳಮನೆಗೆ ನಿಲ್ಲಲು 25, ಅಧ್ಯಕ್ಷರಾಗಲು 35.

ನೈತಿಕವಾಗಿ ನಿಮ್ಮ ಮಾತಿಗೆ ತೂಕವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಹಳೆಹೊತ್ತಿಗೆ:
21ರ ಪರ ಇರೋರು ಯಾವಾಗಲೂ ಹೇಳದ, ಆದರೆ ನನಗೆ ಎಲ್ಲಕ್ಕಿಂತ ಬಲವಾಗಿ ಕಾಣೋ ಕಾರಣ ಶಾಲೆ. ಅಮೆರಿಕದ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಹಲವರಿಗೆ 18 ತುಂಬಿರುತ್ತೆ. ಅವರಿಗೆ ಕೊಳ್ಳೋಕೆ ಬಿಟ್ಟರೆ ಅದೇ ಕಟ್ಟಡದ 15, 16ರವರ ಕೈಗೆ ಮದ್ಯ ಸೇರೋದು ಒಂದೇ ದಿನದ ಮಾತು. 21ರವರ ಒಡನಾಟ ಹೈಸ್ಕೂಲಿನವರ ಜೊತೆ ಅಷ್ಟು ಇರಲ್ಲ. 19 ಮಾಡಿದರೆ ಶಾಲೆ ತಪ್ಪುತ್ತೆ ಅನ್ನೋ ಲೆಕ್ಕದಲ್ಲೇ ಕೆಲವು ರಾಜ್ಯಗಳು 1970ರ ದಶಕದ ಕೊನೆಗೆ 18ರಿಂದ 19ಕ್ಕೆ ಬಂದದ್ದು. ಇದಕ್ಕೆ 16ಕ್ಕೇ ಸಿಗುವ ಚಾಲನಾ ಪರವಾನಗಿ, ಬಸ್ಸು ರೈಲು ಇಲ್ಲದ ವಿಶಾಲ ಊರುಗಳನ್ನು ಸೇರಿಸಿ ನೋಡಿ. ಕುಡಿದವನು ನಡೆದು ಮನೆ ಸೇರುವ ದೇಶಕ್ಕೂ ಓಡಿಸಿಕೊಂಡೇ ಸೇರಬೇಕಾದ ದೇಶಕ್ಕೂ 18 ಅನ್ನೋ ಅಂಕಿಯ ಬೆಲೆ ಒಂದೇ ಆಗಲ್ಲ.

ಬಿಸಿಲುಕೋಲು:
ಶಾಲೆಯ ವಿಚಾರ ಒಪ್ಪಿದೆ. ಆದರೆ ಉಳಿದ ಜೀವಗಳ ಲೆಕ್ಕ? ಅದೇ ಕಾಲದಲ್ಲಿ ಸೀಟ್ ಬೆಲ್ಟ್ ಕಾನೂನು ಬಂತು, ಕಾರುಗಳು ಸುಧಾರಿಸಿದವು, ಪೊಲೀಸ್ ತಪಾಸಣೆ ಬಿಗಿಯಾಯ್ತು. ಎಲ್ಲ ಕೀರ್ತಿ 21ಕ್ಕೇ ಹೇಗೆ?

ಸರಾಸರಿ:
ಎಲ್ಲ ಕೀರ್ತಿ 21ಕ್ಕೆ ಸಲ್ಲುವುದಿಲ್ಲ, ನಿಮ್ಮ ಅನುಮಾನ ಸರಿ. ಆ ದಶಕಗಳಲ್ಲಿ ಹಿರಿಯ ಚಾಲಕರ ಮದ್ಯಸಂಬಂಧಿ ಸಾವುಗಳೂ ಇಳಿದವು. 1975ರಿಂದ 2017ರವರೆಗೆ ಈ ಕಾನೂನುಗಳು ಸುಮಾರು 32 ಸಾವಿರ ಜೀವ ಉಳಿಸಿವೆ ಎಂದು ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜು. ಅದು ಎಣಿಕೆಯಲ್ಲ, ಮಾದರಿ ಹಾಕಿ ತೆಗೆದ ಅಂದಾಜು. 2009ರಲ್ಲಿ ಮೈರಾನ್ ಮತ್ತು ಟೆಟಲ್‌ಬಾಮ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯಗಳನ್ನು ಎರಡಾಗಿ ಒಡೆದು ನೋಡಿದರು: 1984ಕ್ಕೆ ಮೊದಲೇ ಸ್ವಂತ ಮನಸ್ಸಿನಿಂದ ಏರಿಸಿದವು, ಕೇಂದ್ರದ ಒತ್ತಡಕ್ಕೆ ಏರಿಸಿದವು. ಲಾಭ ಕಂಡದ್ದು ಬಹುಪಾಲು ಮೊದಲ ಗುಂಪಿನಲ್ಲಿ, ಅದೂ ಬೇಗ ಮಂಕಾಯಿತು ಎಂದು ವಾದಿಸಿದರು. ಇದಕ್ಕೆ ನಾನು ಕೊಡುವ ಅರ್ಥ, ಜನಬೆಂಬಲದಿಂದ ಕಾನೂನು ಮಾಡಿದ ರಾಜ್ಯ ಅದನ್ನು ಜಾರಿಯೂ ಮಾಡುತ್ತದೆ. ಲೂಯಿಸಿಯಾನ ಕೊಳ್ಳುವುದನ್ನು ನಿಷೇಧಿಸಿ, ಮಾರಿದವನಿಗೆ ಶಿಕ್ಷೆಯಿಲ್ಲದಂತೆ 1990ರ ದಶಕದ ನಡುವಿನವರೆಗೂ ಬಿಟ್ಟಿತ್ತು. ಅಂಥ ಕಡೆ ಕಾಗದದ ಮೇಲಿನ 21 ಏನು ಮಾಡೀತು?

ಇದಕ್ಕೆ ಎದುರಾಗಿ ಅದೇ 2009ರಲ್ಲಿ ಕಾರ್ಪೆಂಟರ್ ಮತ್ತು ಡಾಬ್ಕಿನ್ ಬೇರೆ ವಿಧಾನ ಹಿಡಿದರು. ರಾಜ್ಯಗಳನ್ನು ಹೋಲಿಸುವ ಬದಲು 21ರ ಹುಟ್ಟುಹಬ್ಬದ ಆಚೀಚೆ ಇರುವವರನ್ನು ಹೋಲಿಸಿದರು. 20 ವರ್ಷ 11 ತಿಂಗಳಿನವನಿಗೂ 21 ವರ್ಷ 1 ತಿಂಗಳಿನವನಿಗೂ ಸೀಟ್ ಬೆಲ್ಟ್ ಕಾನೂನು, ಕಾರು, ಪೊಲೀಸ್ ಎಲ್ಲ ಒಂದೇ, ಮದ್ಯದ ಹಕ್ಕು ಮಾತ್ರ ಬೇರೆ. ಆ ಗೆರೆ ದಾಟುತ್ತಿದ್ದಂತೆ ಸಾವಿನ ಪ್ರಮಾಣ ಸುಮಾರು 9% ನೆಗೆದಿತ್ತು. ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಅಧ್ಯಯನ ಇದು. ಒಂದು ಮಿತಿ ಇದೆ: ಗೆರೆ 18ರಲ್ಲಿದ್ದರೆ ನೆಗೆತವೂ 18ಕ್ಕೆ ಸರಿಯುತ್ತಿತ್ತೋ, ಹೆಚ್ಚುತ್ತಿತ್ತೋ ಎಂಬುದನ್ನು ಇದೊಂದೇ ಹೇಳಲಾರದು.

ಬಿಸಿಲುಕೋಲು:
ಈ ಮಿತಿಯನ್ನೇ ನಾನು ಹೇಳಬೇಕೆಂದಿದ್ದೆ. 2008ರಲ್ಲಿ ಮಿಡಲ್‌ಬರಿ ಕಾಲೇಜಿನ ಮಾಜಿ ಅಧ್ಯಕ್ಷ ಜಾನ್ ಮೆಕಾರ್ಡೆಲ್ ಮುಂದಾಳತ್ವದಲ್ಲಿ ನೂರಕ್ಕೂ ಹೆಚ್ಚು ಕಾಲೇಜು ಅಧ್ಯಕ್ಷರು 21ರ ಬಗ್ಗೆ ಮರುಚರ್ಚೆ ಬೇಕು ಅಂತ ಸಹಿ ಹಾಕಿದರು. ನಿಷೇಧದಿಂದ ಕುಡಿತ ನಿಂತಿಲ್ಲ, ಬಾಗಿಲು ಹಾಕಿದ ಹಾಸ್ಟೆಲ್ ಕೋಣೆಗೆ ಹೋಗಿದೆ, ಅಲ್ಲಿ ಸ್ವಲ್ಪ ಹೊತ್ತಲ್ಲೇ ಗಟಗಟ ಕುಡೀತಾರೆ, ಒಬ್ಬ ಎಚ್ಚರ ತಪ್ಪಿದರೂ ಸಿಕ್ಕಿಬೀಳುವ ಭಯಕ್ಕೆ ಆಂಬುಲೆನ್ಸ್ ಕರೆಯಲ್ಲ ಅನ್ನೋದು ಅವರ ಕಳಕಳಿ.

ಹಳೆಹೊತ್ತಿಗೆ:
ಆ ಕೊನೆಯ ಅಂಶ ನಿಜಕ್ಕೂ ಜೀವದ ಪ್ರಶ್ನೆ. ಅದಕ್ಕೆ ಅನೇಕ ರಾಜ್ಯಗಳು ವಯಸ್ಸು ಇಳಿಸದೆಯೇ ಬೇರೆ ದಾರಿ ಹುಡುಕಿವೆ: ಮದ್ಯ ಏರಿ ಬಿದ್ದವನಿಗಾಗಿ ವೈದ್ಯಕೀಯ ಸಹಾಯ ಕರೆದವನ ಮೇಲೆ, ಕುಡಿದ ಅಥವಾ ಇಟ್ಟುಕೊಂಡ ತಪ್ಪಿಗೆ ಕೇಸು ಹಾಕಲ್ಲ. ಸಾಮಾನ್ಯವಾಗಿ ಕರೆದವನು ಅಲ್ಲೇ ನಿಂತಿರಬೇಕು, ಬಂದವರಿಗೆ ಸಹಕರಿಸಬೇಕು. ಈ ರಕ್ಷಣೆ ಇದೆ ಅನ್ನೋದೇ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದಿದ್ದರೆ ಕಾನೂನು ಇದ್ದೂ ಇಲ್ಲದಂತೆ.

ತಿಳಿನೀರು:
ಹಾಗಾದರೆ 21ರೊಳಗೆ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಒಂದು ಗ್ಲಾಸ್ ವೈನ್ ಕುಡಿದರೂ ಅಪರಾಧವೇ? ಚರ್ಚಿನಲ್ಲಿ ಕೊಡುವ ವೈನ್?

ಕಡತಪಾಲ:
ರಾಜ್ಯಕ್ಕೊಂದು ಉತ್ತರ. ಕೇಂದ್ರದ ನಿಯಮಾವಳಿಯಲ್ಲಿ ‘ಸಾರ್ವಜನಿಕವಾಗಿ ಇಟ್ಟುಕೊಳ್ಳುವುದು’ ಎಂಬುದರಿಂದ ಕೆಲವನ್ನು ಹೊರಗಿಟ್ಟಿದ್ದಾರೆ: ಧಾರ್ಮಿಕ ಆಚರಣೆ, 21 ದಾಟಿದ ತಂದೆ ತಾಯಿ, ಪೋಷಕ ಅಥವಾ ಗಂಡ ಹೆಂಡತಿ ಜೊತೆಗಿದ್ದಾಗ, ವೈದ್ಯರು ಕೊಟ್ಟದ್ದು, ಖಾಸಗಿ ಕ್ಲಬ್ಬು, ಲೈಸೆನ್ಸ್ ಇರುವ ಕಡೆ ಕೆಲಸದ ಭಾಗವಾಗಿ ಮುಟ್ಟುವುದು, ಸಾಗಿಸುವುದು. ರಾಜ್ಯ ಇವಕ್ಕೆ ಅವಕಾಶ ಕೊಟ್ಟರೂ ಹಣ ಕಡಿತವಾಗುವುದಿಲ್ಲ. ವಿಸ್ಕಾನ್ಸಿನ್, ಟೆಕ್ಸಸ್‌ನಲ್ಲಿ ಹೆತ್ತವರು ಜೊತೆಗಿದ್ದರೆ ಮಕ್ಕಳು ಕುಡಿಯಬಹುದು ಎಂಬುದು ನಿಂತಿರುವುದು ಈ ಜಾಗದಲ್ಲೇ. ಬೇರೆ ರಾಜ್ಯಗಳು ಇಷ್ಟು ಸಡಿಲ ಬಿಟ್ಟಿಲ್ಲ. ಹಾಗಾಗಿ ‘ಅಮೆರಿಕದಲ್ಲಿ ಹೀಗೆ’ ಎಂದು ಯಾರಿಗೂ ಸಲಹೆ ಕೊಡಬೇಡಿ, ಆ ರಾಜ್ಯದ ಕಾನೂನು ತೆಗೆದು ನೋಡಿ.

ಬಿಸಿಲುಕೋಲು:
ಕೊನೆಯದಾಗಿ ಒಂದು. ತಂಬಾಕಿಗೆ 2019ರಲ್ಲಿ ಕೇಂದ್ರ ನೇರವಾಗಿ 21 ಮಾಡಿತಲ್ಲ, ಮದ್ಯಕ್ಕೆ ಮಾತ್ರ ಯಾಕೆ ಈ ಸುತ್ತುದಾರಿ? ಇವತ್ತು ಯಾವುದಾದರೂ ರಾಜ್ಯ 18 ಮಾಡ್ತೀನಿ ಅಂದರೆ ಆಗುತ್ತಾ?

ನ್ಯಾಯತಕ್ಕಡಿ:
ತಂಬಾಕಿಗೆ 21ನೇ ತಿದ್ದುಪಡಿಯಂಥದ್ದಿಲ್ಲ. ಅದನ್ನು ನಿಯಂತ್ರಿಸುವ ಅಧಿಕಾರ 2009ರಿಂದಲೇ ಕೇಂದ್ರದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಳಿ ಇತ್ತು. 2019ರ ಡಿಸೆಂಬರ್‌ನಲ್ಲಿ ಮಾರಾಟದ ವಯಸ್ಸನ್ನು ನೇರವಾಗಿ ತಿದ್ದಿದರು.

ಕಡತಪಾಲ:
ಎರಡನೆಯದಕ್ಕೆ ಉತ್ತರ, ಆಗುತ್ತದೆ. ಶಾಸನಸಭೆ ಮಸೂದೆ ಪಾಸು ಮಾಡಿದರೆ ಮುಗಿಯಿತು, ತಡೆಯುವ ಕಾನೂನಿಲ್ಲ. ರಾಜ್ಯವಲ್ಲದಿದ್ದರೂ ಅಮೆರಿಕದ ಆಡಳಿತದಲ್ಲಿರುವ ದ್ವೀಪ ಪೋರ್ಟೊ ರಿಕೊದಲ್ಲಿ ಇಂದಿಗೂ 18, ಅದಕ್ಕೆ ತೆರಬೇಕಾದ ಬೆಲೆಯನ್ನು ಅದು ತೆರುತ್ತಿದೆ. 2012ರಿಂದ ಕಡಿತ 10% ಅಲ್ಲ, 8%. ಅದೂ ಎಲ್ಲ ಹೆದ್ದಾರಿ ಹಣಕ್ಕಲ್ಲ, ಕಾನೂನು ಹೆಸರಿಸಿದ ಮುಖ್ಯ ಕಾರ್ಯಕ್ರಮಗಳ ಪಾಲಿಗೆ.

ಆದರೆ ರಾಜ್ಯ 18 ಮಾಡಿದರೂ ಇನ್ನೊಂದು ಷರತ್ತು ಪ್ರತ್ಯೇಕವಾಗಿ ಉಳಿಯುತ್ತದೆ. 1995ರ ಕಾನೂನಿನ ಪ್ರಕಾರ 21ರೊಳಗಿನ ಚಾಲಕರ ರಕ್ತದಲ್ಲಿ 0.02% ಮದ್ಯಾಂಶ ಕಂಡರೆ ಅದು ಅಪರಾಧವಾಗಿರಬೇಕು, ಇಲ್ಲದಿದ್ದರೆ ಬೇರೆಯೇ ಕಡಿತ. ದೊಡ್ಡವರಿಗೆ ಆ ಮಿತಿ 0.08%, ಯೂಟಾದಲ್ಲಿ 0.05%. ಅಂದರೆ 19ರ ಹುಡುಗ ಕಾನೂನುಬದ್ಧವಾಗಿ ಒಂದು ಬಿಯರ್ ಕೊಂಡು ಕುಡಿದು, ಸ್ವಲ್ಪ ಹೊತ್ತಿಗೇ ಗಾಡಿ ತೆಗೆದರೆ ಲೈಸೆನ್ಸ್ ಕಳೆದುಕೊಳ್ಳಬಹುದು. ಪಕ್ಕದ ರಾಜ್ಯದಲ್ಲಿ 21 ಹಾಗೇ ಇರುವುದರಿಂದ ಅಲ್ಲಿನ ಹುಡುಗರ ಗಾಡಿಗಳು ಶನಿವಾರ ರಾತ್ರಿ ಈ ಕಡೆ ಹೊರಡುತ್ತವೆ, 1983ರಲ್ಲಿ ನ್ಯೂಜೆರ್ಸಿಯಿಂದ ಹೊರಟಂತೆ.